ಸುತ್ತು ಬಂದ ಟೈಮು

ಶನಿವಾರ ಶನಿವಾರ ಗಫೂರ್ ಸಾಬರು ಟೈಮು ಹಂಚಲು ಹೊರಡುತ್ತಿದ್ದರು.
ದೊಡ್ಡ ಗಡಿಯಾರದ ಕೆಳಗೆ ನಿಂತು, ಜೇಬಿನದಕ್ಕೆ ಕೀ ಕೊಟ್ಟು,
ಮುಳ್ಳು ಕೂಡಿಸಿ, ಚೀಲ ನನ್ನ ಹೆಗಲಿಗೆ ಹಾಕಿ
ನಡಿ, ಅನ್ನೋರು.

ಔಷಧಿ ಅಂಗಡಿ, ಸೈಕಲ್ ಷಾಪು, ಬ್ಯಾಂಕಿನ ಗೋಡೆ,
ಸಯ್ಯಾಜಿರಾವ್ ರಸ್ತೆ ದಾಟಿದರೆ ಊದುಬತ್ತಿ ಅಂಗಡಿ,
ಚಿಕ್ಕ ಗಡಿಯಾರದ ಹತ್ತಿರ ಬಳೆ ಚೌಡಮ್ಮ.
ಪ್ರತಿ ಗೋಡೆಯೂ ಹಿಂದಿನ ಗೋಡೆಯಿಂದಲೇ ಕಲಿಯಬೇಕು,
ಜೇಬಿನದು ಬರೀ ದಾರಿಖರ್ಚಿಗೆ.
ಅದು ಅವರ ಶಿಸ್ತು.

ಸುತ್ತಿ ಬಂದು ದೊಡ್ಡ ಗಡಿಯಾರಕ್ಕೆ ತಲೆ ಎತ್ತಿದರೆ
ನಲವತ್ತು ಸೆಕೆಂಡು ಮಾಯ.
'ಎಲ್ಲೋ ಬೀಳಿಸಿದೆ ಕಣೋ, ನಂಜುಂಡ.'
ಹನ್ನೊಂದು ವರ್ಷ ನನಗೆ. ನಿಜಕ್ಕೂ
ಚೀಲ ತಡಕಿ ನೋಡಿದ್ದೆ.

ಮೊನ್ನೆ ಯದುಗಿರಿ ಮೇಡಂ ಬಂದಿದ್ದರು, ಕಾಲೇಜಲ್ಲಿ ಫಿಸಿಕ್ಸು ಹೇಳೋರು.
ಅವರಮ್ಮನ ಹಳೇ ಫೇವರ್ ಲೂಬಾ, ಎಣ್ಣೆ ಒಣಗಿ ಸೊರಗಿತ್ತು.
ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಈ ಕಥೆ ಹೇಳಿದೆ.
ಅವರು ನಗಲಿಲ್ಲ.

ಆಚಾರ್ರೇ, ಅಂದರು, ನಿಮ್ಮ ಮುಳ್ಳುಗಳು ಒಂದೂ ತಪ್ಪದಿದ್ದರೂ
ನಡಿಗೆ ಬಿಟ್ಟು ಬೆಳಕಿನ ಕೈಲೇ ಟೈಮು ಕಳಿಸಿದ್ದರೂ
ಇಲ್ಲಿಂದ ಮೂಡಲಿಗೆ ಹೊರಟು, ಊರಿಗೊಂದು ಗಡಿಯಾರ ಇಟ್ಟು,
ಸಮುದ್ರಗಳ ಮೇಲೂ ಇಟ್ಟು, ಪಡುವಲಿಂದ ಮತ್ತೆ ಮೈಸೂರಿಗೇ ಬಂದರೆ
ಮೊದಲನೆಯದಕ್ಕೂ ಕೊನೆಯದಕ್ಕೂ ತಾಳೆಯಾಗೋಲ್ಲ.
ಕೊನೆಯದು ಹಿಂದೆ.
ಪಡುವಲಿಗೆ ಹೊರಟಿದ್ದರೆ ಮುಂದೆ.

ಎಷ್ಟು?
ಈ ವಾಚಿನ ಒಂದು ಟಿಕ್ಕನ್ನು
ಹತ್ತು ಲಕ್ಷ ಹೋಳು ಮಾಡಿ. ಅದರಲ್ಲೊಂದು.

ನನ್ನ ಚಿಮಟ ಗಾಳಿಯಲ್ಲೇ ನಿಂತಿತು.

ಬೆಳಕು ಹೊರಟ ಮೇಲೆ ಮುಂದಿನ ಗಡಿಯಾರ ನಿಂತಲ್ಲಿ ನಿಂತಿರುತ್ಯೇ?
ಭೂಮಿ ಅದನ್ನ ಹೊತ್ತುಕೊಂಡು ಒಂದಿಷ್ಟು ಸರಿದಿರುತ್ತೆ.
ಅಕ್ಕಪಕ್ಕದವರಿಗೆ ಅದು ತಿಳಿಯೋದೇ ಇಲ್ಲ,
ಪ್ರತಿ ಜೋಡಿಯ ಲೆಕ್ಕವೂ ಸರಿ.
ಸುತ್ತು ಮಾತ್ರ ಕೂಡೋಲ್ಲ.

ತಪ್ಪು ಯಾರದು ಮೇಡಂ?
ತಿರುಗೋದರದ್ದು.

ಆಗ ನೆನಪಾದಳು ಚೌಡಮ್ಮ:
ಗಾಜಿನ ಬಳೆಯನ್ನು ಬೆರಳಲ್ಲಿ ಉರುಳಿಸುತ್ತಾ
ಬೆಸುಗೆ ಸಿಕ್ಕ ಕಡೆ ಹೆಬ್ಬೆರಳು ನಿಲ್ಲಿಸಿ
'ಇದಿಲ್ಲದ ಬಳೆ ಬ್ರಹ್ಮನೂ ಮಾಡಿಲ್ಲ ಕಣವ್ವಾ' ಅಂತ
ಆ ಗಂಟನ್ನು ಒಳಗೈ ಕಡೆಗೆ ತಿರುಗಿಸಿ ತೊಡಿಸುತ್ತಿದ್ದಳು.

ಮುಚ್ಚಳ ಒತ್ತಿ ಕೂರಿಸಿದೆ. ವಾಚು ಓಡುತ್ತಿತ್ತು.
ಕೇಳಲೋ ಬೇಡವೋ ಅಂತ ಕೊನೆಗೆ ಕೇಳಿಯೇಬಿಟ್ಟೆ:
ನಮ್ಮ ಪೇಟೆಯ ಸುತ್ತಿಗೆ? ಎರಡು ಗಡಿಯಾರದ ನಡುವೆ?

ಮೇಡಂ ಮನಸ್ಸಲ್ಲೇ ಗುಣಿಸಿದರು, ಭಾಗಿಸಿದರು,
ತುಟಿ ಅಲ್ಲಾಡುತ್ತಿತ್ತು.
ಅಷ್ಟು ಪುಟ್ಟ ಸುತ್ತಿಗೆ ಯಾವ ಯಂತ್ರದ ಕೈಗೂ ಸಿಕ್ಕೋಲ್ಲ, ಆಚಾರ್ರೇ.
ಆದರೆ
ಸೊನ್ನೆ ಅಲ್ಲ.

ಕೂಲಿ ಬೇಡ ಅಂದೆ. ಬಲವಂತಕ್ಕೆ ಎಂಬತ್ತು ಇಟ್ಟು ಹೋದರು.

ಸಾಬರೇ, ಕೇಳಿಸಿತೇ?
ಆ ನಲವತ್ತು ಸೆಕೆಂಡಲ್ಲಿ
ಇಷ್ಟೇ ಇಷ್ಟು
ನಾನು ಬೀಳಿಸಿದ್ದಲ್ಲ.