ಒತ್ತು, ಹಿಡಿ

ದಾವಣಗೆರೆಯ ಮಿಲ್ಲು ಮುಚ್ಚಿ ಮೂವತ್ತು ವರ್ಷ;
ಸಾಹುಕಾರರ ಎರಡೇ ಸೀಟಿನ ಕೆಂಪು ಕಾರು ಮಾತ್ರ
ಇನ್ನೂ ಪಿ.ಬಿ. ರಸ್ತೆಗೆ ಹಂಬಲಿಸುತ್ತದೆ.
ಬ್ರೇಕು ಒತ್ತಿದರೆ ನಾದಿದ ಹಿಟ್ಟಿಗೆ ಕಾಲಿಟ್ಟಂತೆ.

ಮಾಸ್ಟರ್ ಸಿಲಿಂಡರ್ ಬಿಚ್ಚಿದೆ:
ಉಬ್ಬಿದ ವಾಷರ್, ತುಕ್ಕಿನ ಕೆಸರು,
ಆಯಿಲ್ ತೊಟ್ಟಿಕ್ಕಿದ ಕಡೆಯೆಲ್ಲ ಬಣ್ಣ ಸುಲಿದ ತಗಡು.
ಹೊಸದನ್ನು ಕೂರಿಸಿದೆ. ಸರಿ.
ಗಾಳಿ ತೆಗೆಯಲು ಮಾತ್ರ ಇಬ್ಬರು ಬೇಕು.

ಎದುರು ಗ್ಯಾರೇಜಿಂದ ಬುಡೇನಣ್ಣ ಬಂದ.
ಅಪ್ಪನ ಸ್ಪ್ಯಾನರುಗಳು ಪಾಲಾದ ದಿನದಿಂದ ಮಾತಿಲ್ಲ.
ನಾನು ಕರೆದಿರಲಿಲ್ಲ;
ಮಂಡಕ್ಕಿ ತಿನ್ನುತ್ತ ನೋಡುತ್ತಿದ್ದನಷ್ಟೇ.
ಚಪ್ಪಲಿ ಬಿಟ್ಟು, ಸೀಟಿಗೆ ಗೋಣಿ ಹಾಸಿ ಕೂತ.

ಅಡಿಯಿಂದ ನಾನು: ಒತ್ತು.
ಮೇಲಿಂದ ಅವನು: ಹ್ಞೂಂ.
ಹಿಡಿ. ಹ್ಞೂಂ. ಬಿಡು.
ಪೈಪಿನಲ್ಲಿ ಗುಳ್ಳೆ, ಗುಳ್ಳೆ, ಮತ್ತೆ ಗುಳ್ಳೆ.

ಗುಳ್ಳೆ ನಿಂತು ಬಹಳ ಹೊತ್ತಾಗಿದೆ.
ನಾನಿನ್ನೂ ಒತ್ತು ಅನ್ನುತ್ತಿದ್ದೇನೆ.