ಕದಲದ ಚುಕ್ಕೆ

ನಾನು ಬೋರ್ಡು ಬರೆಯುವವ.
ಅಕ್ಕಲಕೋಟದ ಅರ್ಧ ಅಂಗಡಿಗಳ ಹಣೆಬರಹ ಈ ಕೈಯದು:
ಮೇಲೆ ಮರಾಠಿ ದಪ್ಪಗೆ, ಕೆಳಗೆ ಕನ್ನಡ ತುಸು ಸಣ್ಣಗೆ,
‘ಉದ್ರಿ ಕೇಳಬೇಡಿ’ ಮಾತ್ರ ಎರಡರಲ್ಲೂ ಒಂದೇ ಅಳತೆ.
ಫ್ಲೆಕ್ಸ್ ಬಂದಮೇಲೆ ಕುಂಚ ಒಣಗಿತು.
ಕಬ್ಬಿನ ಟ್ರ್ಯಾಲಿಗಳ ಬೆನ್ನಿಗೆ ರೇಡಿಯಂ ಅಂಟಿಸುತ್ತ ಕೂತೆ,
ಎತ್ತಿನ ಕೋಡಿಗೂ ಎರಡೆರಡು ಬೆರಳಗಲ,
ಎದುರು ಬರುವವನಿಗೆ ತಿಳಿಯಲಿ,
ಇದು ಬರೀ ಕತ್ತಲೆಯಲ್ಲ, ಜೀವ.

ಅದಕ್ಕೇ ಇರಬೇಕು, ಸುಗಲಾ ಬಿರಾಜದಾರ ಹುಡುಕಿಕೊಂಡು ಬಂದಳು.
“ಲಾಲಸಾಬ ಕಾಕಾ, ನಮ್ದೊಂದು ಬಿಳಿ ಗಾಡಿ ಐತ್ರಿ.
ಎಂಜಿನ್ ಇಲ್ಲ, ಹಾರ್ನ್ ಇಲ್ಲ,
ಮುಗಿಲಾಗ ಯಾರಿಗೂ ಕಾಣಂಗಿಲ್ಲ.”

ಎರೆ ಹೊಲಗಳ ನಡುವೆ ತಗಡಿನ ಶೆಡ್ಡು.
ಒಂದು ರೆಕ್ಕೆ ನೆಲಕ್ಕೂರಿ ಮಲಗಿತ್ತು ಗ್ಲೈಡರು.
ಇಷ್ಟುದ್ದ ಬಿಳುಪು! ನನ್ನ ಕೈ ಕೆರೆಯಿತು.
ಪೂರಾ ಕೆಂಪು ಬಳಿದುಬಿಡ್ತೀನಿ, ಮೂರು ಹರದಾರಿ ಕಂಡೀತು, ಅಂದೆ.
ಆಕೆ ನಕ್ಕಳು. ಗಾಢ ಬಣ್ಣ ಬಿಸಿಲು ಕುಡಿದರೆ
ರಾಳದ ಮೈ ಮೆತ್ತಗಾಗುತ್ತದಂತೆ;
ಬಿಳಿ ಇದ್ದರೇ ಅದರ ಎಲುಬು ಗಟ್ಟಿ.
ಬಾಲದ ಚುಕ್ಕಾಣಿಗೆ ಹಚ್ಚುವ ಬಣ್ಣವನ್ನಂತೂ ತೂಗಿಯೇ ಹಚ್ಚಬೇಕಂತೆ,
ತೂಕ ತಪ್ಪಿದರೆ ವೇಗದಲ್ಲಿ ಬಾಲ ನಡುಗೀತು.
ನಲವತ್ತು ವರ್ಷ ಬಣ್ಣವನ್ನು ಡಬ್ಬಿಗಟ್ಟಲೆ ಕೊಂಡವನು
ಅವತ್ತು ಪತ್ತಾರ ಮೋನಪ್ಪನ ತಕ್ಕಡಿ ಇಸಿದುಕೊಂಡು ಬಂದೆ.

ಮೂಗಿಗೆ ಕೆಂಪು. ರೆಕ್ಕೆಯ ತುದಿಗಳಿಗೆ ಕೆಂಪು.
ಪಟ್ಟಿ ಎಳೆಯುವಾಗ ಆಕೆ ಹೇಳಿದಳು, ಟೇಪು ಹಿಡಿದುಕೊಂಡೇ:
“ಹದ್ದುಗಳ ಸುತ್ತು ಬಿಟ್ಟು ನೆಟ್ಟಗ ಮನಿ ಕಡೆ ಹೊಂಟಿದ್ದೆ.
ಗಾಜಿನ ಮ್ಯಾಲ ನೊಣದಂಥ ಚುಕ್ಕಿ.
ಒರೆಸಿದೆ. ಹೋಗಲಿಲ್ಲ.
ಸರಿಯೋದು ಬಾಜೂಕ ಹೋಗತದ ಕಾಕಾ,
ಕದಲದ, ಇದ್ದಲ್ಲೇ ದಪ್ಪ ಆಗ್ತದಲ್ಲ,
ಅದು ನಮಗss ಬರೋದು.”
ತರಬೇತಿಯ ವಿಮಾನ. ಕೊನೇ ಗಳಿಗೆಗೆ ಇವಳು ರೆಕ್ಕೆ ವಾಲಿಸಿದಳು.
ಒಳಗಿದ್ದ ಹುಡುಗನ ಕಿವಿ ಕಂಡಿತಂತೆ, ಗಡಿಯಾರದ ಪಟ್ಟಿ ಕಂಡಿತಂತೆ;
ಅವನು ತೊಡೆಯ ಮೇಲಿನ ನಕ್ಷೆ ನೋಡುತ್ತಿದ್ದ.
ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಈಗೊಂದು ಪೆಟ್ಟಿಗೆ ತರಿಸಿದ್ದಾರೆ, ಅಂಗೈಯಷ್ಟು.
ಹತ್ತಿರ ಯಾರಾದರೂ ಬಂದರೆ ಕೂಗುತ್ತದೆ,
ಬಂದವನ ಬಳಿಯೂ ಅದೇ ಜಾತಿಯ ಪೆಟ್ಟಿಗೆ ಇದ್ದರೆ.
ಇಲ್ಲದಿದ್ದರೆ ಮೂಕ.
ನಮ್ಮ ಪೇಟೆಯಲ್ಲಿ ಮಾತು ತಿಳಿಯದಿದ್ದರೆ
ಎರಡೂ ಬಲ್ಲ ಚಹಾದವನೊಬ್ಬ ನಡುವೆ ಬಾಯಿ ಹಾಕುತ್ತಾನೆ.
ಅಷ್ಟು ಎತ್ತರದಲ್ಲಿ ಯಾರಿದ್ದಾರೆ?

ಕೊನೆಗೆ ಚುಕ್ಕಾಣಿಗೆ ಕನ್ನಡಿ ಕಾಗದ,
ಬ್ಯಾಂಡಿನವರು ಟೋಪಿಗೆ ಸುತ್ತುವಂಥದು.
ಅಂಟೂ ಸೇರಿ ಹನ್ನೊಂದು ಗ್ರಾಂ.
ಅವರ ಗುರುಗಳು ಪುಸ್ತಕ ತೆಗೆದು ಎರಡು ಸಲ ಲೆಕ್ಕ ಹಾಕಿ
ಹೂಂ ಅಂದರು.

ಯಂತ್ರ ಹಗ್ಗ ಸುತ್ತಿತು, ಅದು ಗಾಳಿಪಟದಂತೆ ಏರಿತು.
ಕತ್ತು ನೋಯುವವರೆಗೆ ನೋಡಿದೆ.
ಮೊದಲು ನನ್ನ ಕೆಂಪು ಹೋಯಿತು, ಆಮೇಲೆ ರೆಕ್ಕೆ,
ಉಳಿದದ್ದು ಬರೀ ಮೋಡ.
ಆಮೇಲೆ ಮಿಣುಕ್!
ಸುತ್ತಿಗೊಮ್ಮೆ, ಸೂರ್ಯನಿಗೆ ಬಾಲ ತಿರುಗಿದಾಗ ಮಾತ್ರ.
ಎಣಿಸಿದೆ: ಮಿಣುಕಿನಿಂದ ಮಿಣುಕಿಗೆ ಇಪ್ಪತ್ತೆರಡು.
ನಡುವೆ ಆಕೆ ಎಲ್ಲೂ ಇರಲಿಲ್ಲ.
ಪಕ್ಕದಲ್ಲಿ ಎರಡು ಹದ್ದು, ಮಣ್ಣಿನ ಬಣ್ಣದವು,
ಏನೂ ಹಚ್ಚಿಕೊಳ್ಳದೆ ಸುತ್ತುತ್ತಿದ್ದವು.
ಅವು ನೋಡುತ್ತವೆ, ಅಷ್ಟೆ.

ಹೊತ್ತು ಮುಳುಗಿದ ಮೇಲೆ ಊರ ಕಡೆ ಸೈಕಲ್ಲು ತುಳಿದೆ.
ಹಿಂದೆ ಕಬ್ಬಿನ ಟ್ರ್ಯಾಕ್ಟರಿನ ಸದ್ದು, ಬೆಳಕು ಒಂದೇ ಕಣ್ಣಿನದು.
ಇಳಿದು ಹೊಲದ ಬದುವಿಗೆ ನಿಂತು
ನನ್ನ ಹಿಂದಿನ ಮಡ್‌ಗಾರ್ಡಿಗೆ ಕೈಯಾಡಿಸಿದೆ.
ತುಕ್ಕು, ಕೆಸರು.
ಜೇಬಿನಲ್ಲಿ ಕನ್ನಡಿ ಕಾಗದದ ಚೂರೊಂದು ಉಳಿದಿತ್ತು.