ಐದನೇ ಕಾಲು

ಮೂವತ್ತು ವರ್ಷ ಕಾಟನ್‌ಪೇಟೆಯಲ್ಲಿ ಬೋರ್ಡು ಬರೆದ ಕೈ ಇದು.
ಬೀಡಾ ಅಂಗಡಿ, ಬ್ರಾಸ್ ಬ್ಯಾಂಡು, ಮೂಳೆ ಡಾಕ್ಟರು,
'ಇಲ್ಲಿ ಮೂತ್ರ ಮಾಡಬಾರದು' ಅನ್ನೋದಕ್ಕೂ
ಅಕ್ಷರಕ್ಕೊಂದು ನೆರಳು ಕೊಟ್ಟು.
ಫ್ಲೆಕ್ಸು ಬಂತು. ಕುಂಚ ಟರ್ಪಂಟೈನಿನಲ್ಲೇ ನಿದ್ದೆ ಹೋಯಿತು.

ಸುಗಂಧಿನಿ ಟೀಚರು ಎಬ್ಬಿಸಿದರು:
"ಅಬ್ಬಯ್ಯಣ್ಣ, ಒಂದು ಎಮ್ಮೆ ಬೇಕು.
ಬಸ್ಸು ಹತ್ತಬೇಕು, ಕಿಟಕಿ ಸೀಟೇ ಆಗಬೇಕು ಅಂತ
ಹಟ ಮಾಡಬೇಕು. ಪುಸ್ತಕ, ಮಕ್ಕಳದ್ದು."
ದುಡ್ಡಿನ ಮಾತು ಆಮೇಲೆ ಅಂದರು.
ಆಮೇಲೆ ಇನ್ನೂ ಬಂದಿಲ್ಲ.

ಬರೆದೆ.
ಕಲಾಸಿಪಾಳ್ಯದಲ್ಲಿ ಹತ್ತುವ ಎಮ್ಮೆ,
"ಹೆಂಗಸರಿಗೆ ಫ್ರೀ ತಾನೇ?" ಅನ್ನುವ ಎಮ್ಮೆ,
ಆಧಾರ್ ಕೇಳಿದ ಕಂಡಕ್ಟರಿಗೆ
ಕಿವಿಯ ಹಳದಿ ಬಿಲ್ಲೆ ತೋರಿಸುವ ಎಮ್ಮೆ,
ಕಾರ್ಪೊರೇಷನ್ ಸರ್ಕಲ್ಲಿನಲ್ಲಿ
ಮೆಲುಕು ಹಾಕುತ್ತ ಹಾಕುತ್ತ
ಕಿಟಕಿಯಾಚೆ ಕತ್ತು ಚಾಚಿ
ಸಿಗ್ನಲ್ಲಿನ ಕೆಂಪು ದೀಪ ನುಂಗಿಬಿಡುವ ಎಮ್ಮೆ.

ಬಿಡುಗಡೆಗೆ ಹನ್ನೊಂದು ಜನ, ಐವತ್ತು ಬೋಂಡ.
ಭಾಷಣದವರು ಮುಖಪುಟ ಮಾತ್ರ ನೋಡಿ
"ಪಶುಸಂಗೋಪನೆಗೆ ಅಮೂಲ್ಯ ಕೊಡುಗೆ" ಎಂದರು.
ಭಾನುವಾರದ ಪುರವಣಿಯಲ್ಲಿ ಒಂದೇ ಸಾಲು:
ಬಣ್ಣ ಜಾಸ್ತಿ, ನೀತಿ ಕಡಿಮೆ.
ಒಬ್ಬ ತಾಯಿ ಪುಟ ಮುಟ್ಟಿ, ಮೂಸಿ,
"ಇದು ಎಷ್ಟು ವಯಸ್ಸಿನವರಿಗೆ?" ಎಂದು ಕೇಳಿ
ಉತ್ತರ ಬರುವ ಮುಂಚೆ ವಾಪಸ್ಸಿಟ್ಟರು.
ಉಳಿದದ್ದೆಲ್ಲ ಟೀಚರ ಮಂಚದ ಕೆಳಗೆ.
ಮಂಚ ಎರಡಿಂಚು ಎದ್ದಿದೆ ಅಂತಾರೆ ಅವರ ಯಜಮಾನರು.

ಒಂದೇ ಒಂದು ಪ್ರತಿ ಶಾಖಾ ಗ್ರಂಥಾಲಯಕ್ಕೆ ಹೋಗಿತ್ತು.
ಮೊನ್ನೆ ನಾನೂ ಹೋದೆ, ಪೇಪರ್ ಓದುವ ನೆಪ.
ನೆಲದ ಮೇಲೆ ಮುಬೀನಾ, ಮುಂದಿನ ಹಲ್ಲು ಬಿದ್ದ ಆರು ವರ್ಷ,
ಪುಸ್ತಕ ತಲೆಕೆಳಗು ಹಿಡಿದು
ಬೆರಳಿಟ್ಟು ಎಣಿಸುತ್ತಿದ್ದಳು:
ಒಂದು, ಎರಡು, ಮೂರು, ನಾಲ್ಕು,
ಐದು.

ಎದೆ ಧಸಕ್ಕೆಂದಿತು.
ಒಂಬತ್ತನೇ ಪುಟ. ಹಿಂಗಾಲು ತಿದ್ದಿ ಬರೆದು
ಹಳೆಯದನ್ನು ಅಳಿಸುವುದು ಮರೆತಿದ್ದೆ.
ಟೀಚರು ನೋಡಿಲ್ಲ, ಪ್ರೆಸ್ಸಿನವನು ನೋಡಿಲ್ಲ,
ನೀತಿ ಹುಡುಕಿದವರಂತೂ ಎಮ್ಮೆಯನ್ನೇ ನೋಡಿಲ್ಲ.

"ತಪ್ಪಾಗಿದೆ ಕಣಮ್ಮ," ಅಂದೆ.
ಗದರಿದಳು ನನ್ನನ್ನೇ:
"ಅದಕ್ಕಿನ್ನೂ ಸೀಟು ಸಿಕ್ಕಿಲ್ಲ ಅಲ್ವಾ ತಾತ?
ಬ್ರೇಕ್ ಹಾಕಿದ್ರೆ ಊರಿಕೊಳ್ಳೋಕೆ ಬೇಡ್ವಾ?"
ಪುಟ ತಿರುಗಿಸಿದಳು. ಅಲ್ಲಿ ಎಮ್ಮೆ ಕೂತಿತ್ತು.
ಕಾಲು ನಾಲ್ಕೇ. "ನೋಡಿ," ಅಂದಳು,
"ಈಗ ಮಡಚಿಟ್ಟಿದೆ."

ಸಂಜೆ ಬಸ್ಸಲ್ಲಿ ಸೀಟಿರಲಿಲ್ಲ.
ಟೌನ್‌ಹಾಲಿನ ಹತ್ತಿರ ಡ್ರೈವರು ಬ್ರೇಕು ತುಳಿದ.
ಎರಡೇ ಕಾಲಿನ ನಾನು
ಯಾರದೋ ಟಿಫನ್ ಕ್ಯಾರಿಯರ್ ಮೇಲೆ ವಾಲಿದೆ.